ದಿನಕರ ದೇಸಾಯಿ ಹೋರಾಟದ ಫಲ ಕೂಲಿಯವರಿಗೂ ಸಿಕ್ಕಿತೇ?

ಪರ: ಸಿಕ್ಕಿದೆ

ಒಡೆಯರ ಗದ್ದೆ ಉತ್ತು ಅವರಿಗೆ ಬೆಳೆಯ ಪಾಲು ಕೊಡುವ ಗೇಣಿ ಕಾಲ ಹೇಗಿತ್ತು ಅಂತ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ, ಕುಮಟೆ ಕಡೆಯ ಹಿರಿಯರನ್ನು ಕೇಳಿ. ಕೊಯ್ಲು ಮುಗಿಸಿ, ಭತ್ತ ಬಡಿದು, ಮೊದಲು ಒಡೆಯರ ಅಂಗಳಕ್ಕೆ ಹೊತ್ತು ಹಾಕಬೇಕು. ಕೊಳಗದಲ್ಲಿ ಅಳೆದು ಗೇಣಿ ತೀರಿಸಿದ ಮೇಲೆ ಉಳಿದದ್ದು ಮನೆಗೆ. ಒಡೆಯರ ಎದುರು ನಿಂತು ಮಾತಾಡುವುದಂತೂ ದೂರವೇ ಉಳಿಯಿತು. ಅಂಥ ಜನರನ್ನು ಕವಿಯೂ ರೈತ ನಾಯಕರೂ ಆದ ದೇಸಾಯಿಯವರು ಒಟ್ಟು ಮಾಡಿದರು. ಉಳುವವನಿಗೇ ಭೂಮಿ ಸೇರಬೇಕು ಎಂದರು. ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಮುಂದೆ 1974ರ ಭೂಸುಧಾರಣೆ ಬಂದಾಗ ಒಡೆಯರ ವಿರುದ್ಧ ಡಿಕ್ಲರೇಶನ್, ಅಂದರೆ ಈ ಗದ್ದೆಯ ಗೇಣಿದಾರರು ನಾವು ಎಂಬ ಅರ್ಜಿ, ಕೊಡುವ ಧೈರ್ಯ ಸುಮ್ನೆ ಹುಟ್ಟಲಿಲ್ಲ, ಅಲ್ವಾ? ಅದು ಆ ಚಳವಳಿಯಲ್ಲಿ ಕಲಿತದ್ದು.

ಇನ್ನು ಭೂಮಿಯೇ ಇಲ್ಲದವರ ಮಾತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿದರು. ಅದರ ಶಾಲೆಗಳಲ್ಲಿ ಕೂಲಿಯವರ ಮಕ್ಕಳೂ ಕೂತು ಓದಿದರು. ಗದ್ದೆ ಕೊಡಲಾಗದ ಮನೆಗೂ ಅಕ್ಷರ ತಲುಪಿತು.

ವಿರೋಧ: ಅರ್ಧಕ್ಕೇ ನಿಂತಿದೆ

ದೇಸಾಯಿಯವರ ಮೇಲೆ ನನಗಿರುವ ಗೌರವ ದೊಡ್ಡದು. ಆದರೆ ಗೇಣಿದಾರರೇ ಬೇರೆ, ದಿನಗೂಲಿಯವರೇ ಬೇರೆ. ಆ ಡಿಕ್ಲರೇಶನ್ನಿನ ಏಳನೇ ನಮೂನೆ ತುಂಬಿ, ಭೂ ನ್ಯಾಯ ಮಂಡಳಿಯಲ್ಲಿ ಗೇಣಿ ಸಾಬೀತು ಮಾಡಿದವರಿಗೆ ಗದ್ದೆ ಸಿಕ್ಕಿತು. ಎಷ್ಟೋ ಕಡೆ ಗೇಣಿ ಬರೀ ಬಾಯಿಮಾತಿನದು, ರಸೀದಿ ಇರಲಿಲ್ಲ. ಒಡೆಯರ ದಾಕ್ಷಿಣ್ಯಕ್ಕೆ ಬಿದ್ದು ಅರ್ಜಿಯನ್ನೇ ಹಾಕದವರೂ ಇದ್ದರು. ಕೂಲಿಯವರಿಗೆ ತಾವು ವಾಸವಿದ್ದ ಮನೆಯ ಜಾಗದ ಹಕ್ಕು ಪಡೆಯಲು ಅದೇ ಕಾನೂನಿನಲ್ಲಿ ಅವಕಾಶವಿತ್ತು. ತಾವು ನಟ್ಟಿ ಮಾಡಿದ ಗದ್ದೆ ಮಾತ್ರ ಅವರದಾಗಲಿಲ್ಲ.

ನಟ್ಟಿ ಮಾಡುವ ಹೆಂಗಸರನ್ನು ಮಳೆಗಾಲದಲ್ಲಿ ಒಮ್ಮೆ ನೋಡಿ. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಮೊಣಕಾಲುದ್ದ ಕೆಸರು, ಎಡಗೈಯಲ್ಲಿ ಸಸಿಯ ಕಟ್ಟು. ಬೆಳಿಗ್ಗೆ ಬಗ್ಗಿಸಿದ ಬೆನ್ನು ಸಂಜೆವರೆಗೂ ನೆಟ್ಟಗಾಗುವುದಿಲ್ಲ. ಆದರೂ ಗಂಡಸರಿಗೇ ಕೂಲಿ ಜಾಸ್ತಿ. ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ! ಇದು ನನಗೆ ಸಹಿಸಲಾಗದ ವಿಷಯ.

ಶಾಲೆಗೆ ಹೋದ ಮಕ್ಕಳು ಮೇಲೆ ಬಂದರು, ನಿಜ. ಗದ್ದೆಯಲ್ಲೇ ಉಳಿದ ಅವರ ಅವ್ವಂದಿರ ಕಥೆ ಏನು? ಗೇಣಿದಾರರಿಗೆ ಚಳವಳಿ ಇತ್ತು. ಮುಂಬೈಯ ಹಡಗು ಕಾರ್ಮಿಕರಿಗೆ ಸಂಘವಿತ್ತು, ಅದರಲ್ಲೂ ದೇಸಾಯಿಯವರು ದುಡಿದಿದ್ದರು. ನಟ್ಟಿಯವರು ಮಾತ್ರ ಕೂಲಿ ಹೆಚ್ಚಿಸಿ ಎನ್ನಲು ಒಬ್ಬೊಬ್ಬರೇ ಯಜಮಾನರ ಎದುರು ನಿಲ್ಲಬೇಕು. ಆ ಯಜಮಾನರಲ್ಲಿ ಹಿಂದಿನ ಗೇಣಿದಾರರ ಮಕ್ಕಳೂ ಇದ್ದಾರೆ.