ನಡುಮನೆಯಲ್ಲಿ ಮುಂಗಾರು ಭತ್ತ

ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಸಹೋದ್ಯೋಗಿಗಳು ನನ್ನ ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, 'ನಿವೃತ್ತ ಜೀವನ ನೆಮ್ಮದಿಯಾಗಿರಲಿ' ಎಂದು ಹಾರೈಸಿದರು. ನಾನು ನಂಬಿಬಿಟ್ಟೆ. ಮೂವತ್ತನಾಲ್ಕು ವರ್ಷ ಬೆಂಗಳೂರಿನಲ್ಲಿ ಕಡತ ನೋಡಿದ ಕಣ್ಣಿಗೆ ಇನ್ನಾದರೂ ಮಲೆನಾಡಿನ ಮಳೆ ತೋರಿಸೋಣವೆಂಬ ಆಸೆ. ಊರಿನಲ್ಲಿ ಅಜ್ಜನ ಕಾಲದ ಒಂದು ಎಕರೆ ಹತ್ತು ಗುಂಟೆ ಮಕ್ಕಿ ಗದ್ದೆ ಬಾಯಿಮಾತಿನಲ್ಲಿ ನನ್ನ ಪಾಲಿಗೆ ಬಂದಿತ್ತು. ಅದರ ಮೇಲಿನ ಮೂಲೆಯಲ್ಲಿ ಜಂಬಿಟ್ಟಿಗೆ ಗೋಡೆ, ಮಂಗಳೂರು ಹಂಚಿನ ಮಾಡು, ಕಾಲು ಚಾಚಿ ಕೂರಲು ಒಂದು ಜಗಲಿ ಇರುವ ಮನೆ ಕಟ್ಟುವ ಲೆಕ್ಕಾಚಾರ. ಎಲ್ಲ ಸೇರಿ 1,100 ಚದರ ಅಡಿ, ಅಂದರೆ ಸರಿಸುಮಾರು ಒಂದು ಗುಂಟೆ. ಕೃಷಿಭೂಮಿಯಲ್ಲಿ ಹಿಡುವಳಿಯ ಶೇ. 10 ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಲು ಭೂಕಂದಾಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಹೆಂಡತಿಗೆ ಇದನ್ನೇ ಓದಿ ಹೇಳಿ ಗಂಟುಮೂಟೆ ಕಟ್ಟಿಸಿದ್ದೆ.

ಮೊದಲು ಅಡ್ಡ ಬಂದವರು ಅಜ್ಜ. ಅವರು 1971ರಲ್ಲೇ ತೀರಿಕೊಂಡವರು. ವೈಕುಂಠ ಸಮಾರಾಧನೆಯ ಹೋಳಿಗೆ ತಿಂದ ನೆನಪು ನನಗೆ ಇನ್ನೂ ಇದೆ. ಆದರೆ ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಮಿನಲ್ಲಿ ಅವರು ಆರೋಗ್ಯವಾಗಿದ್ದಾರೆ. ಪೌತಿ ಖಾತೆಯಾಗಿ ಜಮೀನು ವಾರಸುದಾರರ ಹೆಸರಿಗೆ ಬರಬೇಕಾದರೆ ಅಜ್ಜ ಸತ್ತಿರಬೇಕು. ಸತ್ತರು ಎನ್ನಲು ಮರಣ ಪ್ರಮಾಣಪತ್ರ ಬೇಕು. ವರ್ಷ ದಾಟಿದ ಸಾವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, "ಅವರನ್ನು ಕೊನೆಯ ಸಲ ನೋಡಿದ್ದು ಯಾವಾಗ?" ಎಂದು ಕೇಳಿದರು. "ಚಟ್ಟದ ಮೇಲೆ" ಎಂದೆ. ಅದನ್ನೂ ಬರೆದುಕೊಂಡರು.

ಅಜ್ಜನನ್ನು ಎರಡನೆಯ ಸಲ ಕಳಿಸಿಕೊಟ್ಟು ಬರುವ ಹೊತ್ತಿಗೆ ಎಂಟು ತಿಂಗಳು. ಆಮೇಲೆ ನನ್ನ ಪಾಲನ್ನು ಅಳೆದು ಗುರುತಿಸುವ 11-ಇ ನಕ್ಷೆ. ಅಳತೆಗೆ ಬಂದ ಭೂಮಾಪಕರು ಗಡಿಕಲ್ಲು ಹುಡುಕಿದರು. ಕಲ್ಲು ಇರಬೇಕಾದಲ್ಲಿ ಎದೆಯೆತ್ತರದ ಹುತ್ತವಿತ್ತು. ಅವರು ಚಪ್ಪಲಿ ಬಿಟ್ಟು ಹುತ್ತಕ್ಕೆ ಕೈಮುಗಿದು, ನಕ್ಷೆಯಲ್ಲಿ ಕಲ್ಲಿನ ಗುರುತು ಹಾಕಿದರು. ನಮ್ಮ ಪೂರ್ವದ ಗಡಿಯನ್ನು ಈಗ ನಾಗಪ್ಪನೇ ಕಾಯುತ್ತಿದ್ದಾನೆ.

ಅರ್ಜಿ ತಡವಾದರೆ ಸರ್ಕಾರಿ ಸೇವೆಗಳಿಗೆ ಗಡುವು ಹಾಕಿರುವ 'ಸಕಾಲ' ಇದೆಯಲ್ಲ ಎನ್ನುತ್ತೀರಿ. ಇದೆ. 2011ರ ಆ ಕಾಯ್ದೆಯ ಪ್ರಕಾರ ವಿಳಂಬಕ್ಕೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಮಗ್ಗಿ ಬಲ್ಲ ಯಾರಿಗೂ ಹೊಳೆಯುವ ಲೆಕ್ಕ: 25 ದಿನ ಕಳೆದ ಮೇಲೆ ತಡಮಾಡುವುದು ಪುಕ್ಕಟೆ. ನಮ್ಮ ಕಾಲದವರಾಗಿದ್ದರೆ ಅಷ್ಟಕ್ಕೇ ತೃಪ್ತರಾಗುತ್ತಿದ್ದೆವು. ಈಗಿನ ಹುಡುಗರು ನಮಗಿಂತ ಚುರುಕು. ಗಡುವಿನ ಹಿಂದಿನ ಸಂಜೆಯೇ ಅರ್ಜಿಯನ್ನು ತಿರಸ್ಕರಿಸಿ ಕೈತೊಳೆದುಕೊಳ್ಳುತ್ತಾರೆ. ಕೆಲಸ ಆಗದಿದ್ದರೇನು, ವಿಲೇವಾರಿಯಂತೂ ಆಯಿತು. ನನ್ನ ಅರ್ಜಿ ಈ ಬಗೆಯಲ್ಲಿ ನಾಲ್ಕು ಸಲ ಸಕಾಲಕ್ಕೆ ವಿಲೇವಾರಿಯಾಗಿದೆ.

ಯಾವ ಕಾರಣವೂ ಸಿಗದ ದಿನ, "ಕಸ್ತೂರಿರಂಗನ್ ವರದಿ ಬಂದಿದೆಯಲ್ಲ ಸಾರ್" ಎನ್ನುತ್ತಾರೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪರಿಸರ ಪ್ರದೇಶಗಳನ್ನು ಗುರುತಿಸುವ ಆ ವರದಿ ಬಂದದ್ದು 2013ರಲ್ಲಿ. ಅದನ್ನು ಹಿಡಿದು ಕೇಂದ್ರ ಸರ್ಕಾರ 2014ರಿಂದ 2024ರವರೆಗೆ ಆರು ಸಲ ಕರಡು ಅಧಿಸೂಚನೆ ಹೊರಡಿಸಿದೆ. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ರಾಜ್ಯ ಸಚಿವ ಸಂಪುಟ ಬೇಡವೆಂದಿದೆ. ಕರಡು ಕರಡಾಗಿಯೇ ಇದೆ. ಹತ್ತು ವರ್ಷದಲ್ಲಿ ನಮ್ಮೂರಿನ ಅಡಕೆ ಸಸಿ ಮರವಾಗಿ ಫಸಲು ಕೊಟ್ಟಿತು, ಕರಡು ಮಾತ್ರ ಚಿಗುರಲಿಲ್ಲ. ನಾನು ಹಳೆಯ ಚಟದಿಂದ ಅದನ್ನು ಪೂರ್ತಿ ಓದಿದೆ. ಅದು ತಡೆಯಹೊರಟಿರುವುದು 20,000 ಚದರ ಮೀಟರ್ ಹಾಗೂ ಅದಕ್ಕೂ ದೊಡ್ಡ ಕಟ್ಟಡಗಳನ್ನು. ನನ್ನಂಥ ಮನೆ 195 ಒತ್ತಾಗಿ ಜೋಡಿಸಿದರೂ ಆ ಅಳತೆ ತುಂಬುವುದಿಲ್ಲ. ಇದನ್ನು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದಾಗ ಅಧಿಕಾರಿ ಮೆಚ್ಚುಗೆಯಿಂದ ತಲೆದೂಗಿ, "ಮೇಲಿನವರಿಂದ ಸ್ಪಷ್ಟೀಕರಣ ಕೇಳೋಣ" ಎಂದರು.

ಕೊನೆಗೆ ಮೇಸ್ತ್ರಿಯೇ ದಾರಿ ತೋರಿಸಿದ. "ಅಯ್ಯಾ, ಕಾಗದಕ್ಕೆ ಕಾದರೆ ಮಳೆ ಕಾಯುತ್ತದೆಯೇ? ಪಾಯ ತೆಗೆಯೋಣ." ತೆಗೆದೆವು. ಮಳೆ ಕಾಯಲಿಲ್ಲ. ಮೃಗಶಿರಕ್ಕೆ ಪಾಯದಲ್ಲಿ ನೀರು ನಿಂತಿತು, ಆರ್ದ್ರೆಯಲ್ಲಿ ಅದರೊಳಗೆ ಕಪ್ಪೆಗಳು ಗೃಹಪ್ರವೇಶ ಮಾಡಿದವು, ಪುನರ್ವಸುವಿನಲ್ಲಿ ಮರಳಿನ ಲಾರಿ ದರೆಯ ಕೆಳಗೆ ಹೂತುಕೊಂಡಿತು. ಬೇಸಿಗೆಯಲ್ಲಿ ತಂದಿಟ್ಟ ಪಕಾಸಿಗೆ ವರಲೆ ಹಿಡಿಯಿತು. ಇವೆಲ್ಲ ಮಲೆನಾಡಿನಲ್ಲಿ ದೂರುವ ಸಂಗತಿಗಳಲ್ಲ. ಮಳೆ ಯಾವತ್ತೂ 'ನಾಳೆ ಬನ್ನಿ' ಎಂದಿಲ್ಲ, ವರಲೆ ಎಂದೂ ನಕಲು ಪ್ರತಿ ಕೇಳಿಲ್ಲ. ಎರಡು ಮಳೆಗಾಲ ಕಳೆದು ಮೂರನೆಯದಕ್ಕೆ ಮಾಡು ಏರಿತು.

ಮನೆ ನಿಂತ ಮೇಲೆ ಕರೆಂಟಿನ ಅರ್ಜಿ. ಕರೆಂಟಿಗೆ ಮನೆ ನಂಬರ್ ಬೇಕು. ಮನೆ ನಂಬರಿಗಾಗಿ ಹೋದರೆ ಮೇಜಿನ ಆಚೆಯಿಂದ ಒಂದು ಹಳೆಯ ಸುತ್ತೋಲೆ ಈಚೆ ಬಂತು. 'ಸ್ಥಳದಲ್ಲಿ ಕಟ್ಟಡವು ಇದ್ದಾಗ್ಯೂ, ದಾಖಲೆಯಲ್ಲಿ ನಮೂದಾಗದ ಹೊರತು ಕಟ್ಟಡವಿದೆಯೆಂದು ಪರಿಗಣಿಸತಕ್ಕದ್ದಲ್ಲ.' ಓದುತ್ತಿದ್ದಂತೆ ಬೆನ್ನು ತಣ್ಣಗಾಯಿತು. 'ಇದ್ದಾಗ್ಯೂ'. 'ಪರಿಗಣಿಸತಕ್ಕದ್ದಲ್ಲ'. ಇಂಥ ಪದಗಳಿಗೆ ಮರುಳಾದವನು ನಮ್ಮ ಶಾಖೆಯಲ್ಲಿ ಒಬ್ಬನೇ ಇದ್ದ. ಕೆಳಗೆ ರುಜು ದೊಡ್ಡವರದು, ಕರಡು ನನ್ನದು. ಅದನ್ನು ಬರೆದ ದಿನ ಮೇಲಧಿಕಾರಿಗಳು ಬೆನ್ನು ತಟ್ಟಿ ಕಾಫಿ ತರಿಸಿಕೊಟ್ಟಿದ್ದರು.

"ಈ ವಾಕ್ಯವನ್ನು ಸ್ವಲ್ಪ ಉದಾರವಾಗಿ ಓದಿಕೊಳ್ಳಬಹುದಲ್ಲವೇ?" ಎಂದು ಕೇಳಿದೆ.

"ಇಲ್ಲ ಸಾರ್. ಬರೆದವರು ಯಾರೋ ಗಟ್ಟಿ ಆಸಾಮಿ. ಒಂದು ಸಂದಿಯನ್ನೂ ಬಿಟ್ಟಿಲ್ಲ."

ನನಗೆ ಹೆಮ್ಮೆಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಲಾಂದ್ರದ ಗಾಜು ಒರೆಸುತ್ತ, "ಆ ಕಾಫಿಗೆ ಸಕ್ಕರೆ ಸರಿಯಾಗಿತ್ತೇ?" ಎಂದು ಮಾತ್ರ ಕೇಳಿದಳು.

ಹೋದ ತಿಂಗಳು ಪುಷ್ಯ ಮಳೆ ಹುಯ್ಯುತ್ತಿದ್ದಾಗ ಒಬ್ಬ ಹುಡುಗ ಮೊಬೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಜಗಲಿ ಹತ್ತಿದ. ಬೆಳೆ ಸಮೀಕ್ಷೆಯವನು. ಇಂಥ ಯುವಕರಿಗೆ ಇಲಾಖೆ ಇಟ್ಟಿರುವ ಹೆಸರು 'ಖಾಸಗಿ ನಿವಾಸಿ'. ಸ್ವಂತ ಮನೆಯೊಳಗೆ ನಿಂತ ನನಗಿಲ್ಲದ ಪದವಿ ಅದು. ಹುಡುಗ ಕಾಲಿಗೆ ಕಚ್ಚಿದ್ದ ಇಂಬಳ ಕಿತ್ತೊಗೆದು, ಮೊಬೈಲ್ ನೋಡುತ್ತ ಜಗಲಿಯಿಂದ ನಡುಮನೆಗೆ ಬಂದು ನಿಂತ.

"ಸಾರ್, ನಿಮ್ಮ ಸರ್ವೆ ನಂಬರ್ ಇಲ್ಲೇ ತೋರಿಸುತ್ತಿದೆ. ಹೋದ ವರ್ಷ ಇಲ್ಲಿ ಭತ್ತ ಎಂದಿದೆ. ಈ ಸಲ?"

"ಇದು ಮನೆಯಪ್ಪಾ."

"ದಾಖಲೆಯಲ್ಲಿ ಮನೆ ಇಲ್ಲವಲ್ಲ ಸಾರ್" ಎಂದ, ಪಾಪ, ತನ್ನದೇ ತಪ್ಪೆಂಬಂತೆ. ಕಿಟಕಿಯಿಂದ ಕೈ ಹೊರಚಾಚಿ ಪಕ್ಕದವರ ಗದ್ದೆಯ ಫೋಟೊ ತೆಗೆದುಕೊಂಡ. ಬೆಳೆ: ಭತ್ತ. ಹಂಗಾಮು: ಮುಂಗಾರು. ಆಮೇಲೆ ತಲೆಯೆತ್ತಿ, "ನೀರಾವರಿ ಮೂಲ ಯಾವುದು?" ಎಂದ.

ಅದರ ಹಿಂದಿನ ದಿನ ಮಂಗಗಳು ಮಾಡಿನ ಮೇಲೆ ಕುಣಿದು ಐದಾರು ಹಂಚು ಒಡೆದಿದ್ದವು. ನಡುಮನೆಯಲ್ಲಿ ಮೂರು ಕೊಳದಪ್ಪಲೆ, ಒಂದು ಬಕೆಟ್ಟು, ದೇವರ ಕೋಣೆಯ ಬಾಗಿಲಲ್ಲಿ ಒಂದು ಚೊಂಬು ಇಟ್ಟಿದ್ದೆವು. ತುಂಬಿದ ಪಾತ್ರೆಯೊಂದನ್ನು ಎತ್ತಿಕೊಂಡು ಹೊರಟಿದ್ದ ನನ್ನ ಹೆಂಡತಿ ಮಾತಿಲ್ಲದೆ ಗದ್ದವೆತ್ತಿ ಮಾಡನ್ನು ತೋರಿಸಿದಳು.

"ಮಳೆಯಾಶ್ರಿತ" ಎಂದು ಒತ್ತಿಕೊಂಡು ಹುಡುಗ ಪಕ್ಕದ ಸರ್ವೆ ನಂಬರಿಗೆ ಹೋದ.