ಖಳನ ಅರ್ಥ ಖಳನೇ ಹೇಳಿದರೆ: ಕ್ಯಾಪ್ಟನ್ ನೆಮೋನನ್ನು ಓದುವ ಕ್ರಮ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ತಾಳಮದ್ದಲೆ ಕೂಟಗಳು, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಶುರುವಾಗುತ್ತವೆ. ಅಲ್ಲಿ ಪಾತ್ರದ ಮಾತಿಗೆ 'ಅರ್ಥ' ಎನ್ನುತ್ತಾರೆ, ಅದನ್ನು ಹೇಳುವವನು ಅರ್ಥಧಾರಿ. ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥಧಾರಿ ಗಟ್ಟಿಗನಾದರೆ ಸ್ವಲ್ಪ ಹೊತ್ತಿಗೇ ಇಡೀ ಸಭೆ ಕೌರವನ ಕಡೆ ವಾಲಿರುತ್ತದೆ. ಆಮೇಲೆ ಕೃಷ್ಣ ಬಾಯಿ ತೆರೆಯುತ್ತಾನೆ. ಖಳನಾಯಕ ಹೇಗೆ ಖಳನಾದ ಎಂದು ಹೇಳುವ ವೈಜ್ಞಾನಿಕ ಕಾದಂಬರಿಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲೇ. ಕೌರವನ ಅರ್ಥ ಇರುತ್ತದೆ, ಎದುರಿಗೆ ಕೃಷ್ಣ ಇರುವುದಿಲ್ಲ. ಸತ್ತ ತಾಯಿ, ಒಂದು ಮೋಸ, ಒಂದು ಅವಮಾನ, ಇಷ್ಟು ಸಿಕ್ಕಿದರೆ ನಾವೂ ಕಣ್ಣೊರೆಸಿಕೊಂಡು ಅವನನ್ನು ಕ್ಷಮಿಸಿಬಿಡುತ್ತೇವೆ. ಎದುರಿನ ಅರ್ಥವನ್ನು ಓದುಗನೇ ಹೇಳಿಕೊಳ್ಳಬೇಕು. ಅದನ್ನು ಕಲಿಯಲು ಜೂಲ್ಸ್ ವರ್ನ್‌ನ ನಾಟಿಲಸ್ ಎಂಬ ಜಲಾಂತರ್ಗಾಮಿ ಹಡಗಿನ ಕಪ್ತಾನ ನೆಮೋನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. (ಕತೆಯ ಗುಟ್ಟೆಲ್ಲ ಕೆಳಗೆ ಬರುತ್ತದೆ. ಓದದವರು ಇಲ್ಲೇ ನಿಲ್ಲಬಹುದು.)

ಮೊದಲು 'ಟ್ವೆಂಟಿ ಥೌಸಂಡ್ ಲೀಗ್ಸ್' ಓದಿ. ಅದು 1869-70ರಲ್ಲಿ ಕಂತುಗಳಾಗಿ ಬಂದದ್ದು. ನಂತರ 'ಮಿಸ್ಟೀರಿಯಸ್ ಐಲೆಂಡ್', 1874-75ರದ್ದು. ಕ್ರಮ ತಪ್ಪಿಸಬೇಡಿ. ಮೊದಲನೆಯದರಲ್ಲಿ ನೆಮೋ ಯಾರು, ಯಾವ ದೇಶದವನು ಎಂಬುದೇ ಗೊತ್ತಾಗುವುದಿಲ್ಲ. ಅವನು ಮಾಡಿದ್ದನ್ನು ಮೊದಲು ಕಂಡು, ಕಾರಣವನ್ನು ಆಮೇಲೆ ಕೇಳಬೇಕು. ಕಾರಣ ಮೊದಲೇ ಗೊತ್ತಿದ್ದರೆ ಕೃತ್ಯದ ಭಾರ ಕಾಣಿಸುವುದಿಲ್ಲ.

ಅನುವಾದದ ವಿಚಾರದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ 'ಮಿಸ್ಟೀರಿಯಸ್ ಐಲೆಂಡ್' ಹೆಚ್ಚಾಗಿ ಕಿಂಗ್‌ಸ್ಟನ್ ಹೆಸರಿನ 1875ರ ಇಂಗ್ಲಿಷ್ ಪಠ್ಯ. ಗುರುತು ಹಿಡಿಯುವುದು ಸುಲಭ: ಎಂಜಿನಿಯರನ ಹೆಸರು ಸೈರಸ್ ಹಾರ್ಡಿಂಗ್ ಎಂದಿದ್ದರೆ ಅದೇ. ಮೂಲದಲ್ಲಿ ಅವನು ಸೈರಸ್ ಸ್ಮಿತ್. ಹೆಸರು ಬದಲಾದರೆ ಕತೆಗೆ ನಷ್ಟವಿಲ್ಲ, ಆದರೆ ನೆಮೋನ ಪೂರ್ವಕತೆಯನ್ನೇ ತಿದ್ದಿದ್ದಾರೆ. 1857ರ ದಂಗೆ ಸೋತದ್ದನ್ನು ವರ್ನ್, ಬಲದ ಮುಂದೆ ನ್ಯಾಯ ಮತ್ತೊಮ್ಮೆ ಬಿದ್ದುಹೋಯಿತು ಎಂಬರ್ಥದಲ್ಲಿ ಬರೆದರೆ, ಕಿಂಗ್‌ಸ್ಟನ್ ಪಠ್ಯ ಆ ಮಾತನ್ನು ಕೈಬಿಟ್ಟು, ಅದರ ಬೆನ್ನಿಗೇ ಬರುವ ನಾಗರಿಕತೆ ಹಿಂದಕ್ಕೆ ಸರಿಯುವುದಿಲ್ಲ ಎಂಬ ಮಾತನ್ನಷ್ಟೇ ಉಳಿಸಿಕೊಳ್ಳುತ್ತದೆ. ಖಳನ ಹುಟ್ಟಿನ ಕಾರಣವೇ ತಲೆಕೆಳಗು! 2001ರಲ್ಲಿ ಬಂದ ಸಿಡ್ನಿ ಕ್ರಾವಿಟ್ಜ್ ಅಥವಾ ಜೋರ್ಡನ್ ಸ್ಟಂಪ್ ಅನುವಾದ ಹಿಡಿಯಿರಿ. ಮೊದಲ ಕಾದಂಬರಿಗೂ ಇದೇ ಕಾಟ. ಮರ್ಸಿಯರ್‌ನ ಹಳೇ ಅನುವಾದದಲ್ಲಿ ಸುಮಾರು ಕಾಲು ಭಾಗ ಮಾಯ. ಅದಕ್ಕೆ ವಿಲಿಯಂ ಬುಚರ್ ಅಥವಾ ಎಫ್. ಪಿ. ವಾಲ್ಟರ್ ಅನುವಾದ ಒಳ್ಳೆಯದು. ವಾಲ್ಟರ್‌ನದು ಗುಟೆನ್‌ಬರ್ಗ್ ತಾಣದಲ್ಲಿ ಉಚಿತ. ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಮೊದಲೇ ಇಳಿಸಿಟ್ಟುಕೊಳ್ಳಿ.

ಮೊದಲ ಕಾದಂಬರಿಯಲ್ಲಿ ಮೀನುಗಳ ಪಟ್ಟಿ ಪುಟಗಟ್ಟಲೆ ಬರುತ್ತದೆ, ಕಣ್ಣಾಡಿಸಿ ಮುಂದೆ ಹೋಗಬಹುದು. ಎರಡನೇ ಭಾಗದ 3ನೇ ಅಧ್ಯಾಯಕ್ಕೆ ಬಂದಾಗ ನಿಧಾನಿಸಿ. ಸಿಂಹಳದ ಕಡಲಲ್ಲಿ ಶಾರ್ಕ್ ಬಾಯಿಗೆ ಸಿಕ್ಕ ಬಡ ಮುತ್ತುಗಾರನನ್ನು ನೆಮೋ ಉಳಿಸಿ, ಅವನ ಕೈಗೆ ಮುತ್ತಿನ ಚೀಲ ಕೊಡುತ್ತಾನೆ. ಆ ಮುತ್ತುಗಾರ ತುಳಿತಕ್ಕೊಳಗಾದ ನಾಡಿನವನು, ತಾನೂ ಅವರಲ್ಲೊಬ್ಬ ಎನ್ನುತ್ತಾನೆ. ಅಲ್ಲೊಂದು ಗುರುತು ಹಾಕಿ. ಆಮೇಲೆ 20 ಮತ್ತು 21ನೇ ಅಧ್ಯಾಯ. ಬಾವುಟವಿಲ್ಲದ ಯುದ್ಧನೌಕೆಯೊಂದು ನಾಟಿಲಸ್ ಮೇಲೆ ಗುಂಡು ಹಾರಿಸುತ್ತದೆ. ನೆಮೋ ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಹಿಂದೆ ಅಲ್ಲೇ ಮುಳುಗಿದ್ದ ಫ್ರೆಂಚ್ ಹಡಗು ವೆಂಜರ್‌ನ ಅವಶೇಷದ ಜೊತೆ ಇದರ ಅವಶೇಷ ಬೆರೆಯಬಾರದು ಎಂದು ಶತ್ರುವನ್ನು ಬೆನ್ನ ಹಿಂದೆ ದೂರ ಸೆಳೆದುಕೊಂಡು ಹೋಗಿ, ಆಮೇಲೆ ಚುಚ್ಚಿ ಮುಳುಗಿಸುತ್ತಾನೆ. ಸಾಯುವವರನ್ನು ಕಿಟಕಿಯಿಂದ ನೋಡುತ್ತಾನೆ. ಕೊನೆಗೆ ತನ್ನ ಕೋಣೆಯಲ್ಲಿ ಒಬ್ಬ ಹೆಂಗಸು, ಎರಡು ಮಕ್ಕಳ ಚಿತ್ರದ ಮುಂದೆ ಮೊಣಕಾಲೂರಿ ಬಿಕ್ಕುತ್ತಾನೆ. ಪೂರ್ವಕತೆ ಎಂದು ಆ ಕಾದಂಬರಿಯಲ್ಲಿರುವುದು ಹೆಚ್ಚು ಕಡಿಮೆ ಆ ಒಂದು ಚಿತ್ರ ಮಾತ್ರ. ನನ್ನ ಮಟ್ಟಿಗೆ, ಆಮೇಲೆ ಬಂದ ಇಡೀ ವಿವರಣೆಗಿಂತ ಅದರ ತೂಕವೇ ಹೆಚ್ಚು.

ಪೂರ್ತಿ ವಿವರಣೆ 'ಮಿಸ್ಟೀರಿಯಸ್ ಐಲೆಂಡ್' ಮೂರನೇ ಭಾಗದ 16ನೇ ಅಧ್ಯಾಯದಲ್ಲಿದೆ. ದ್ವೀಪದ ಗುಹೆಯೊಂದರಲ್ಲಿ, ಸಾವಿನಂಚಿನಲ್ಲಿರುವ ನೆಮೋ ತನ್ನ ಕತೆಯನ್ನು ಅಲ್ಲಿ ಸಿಕ್ಕಿಬಿದ್ದಿದ್ದ ಸೈರಸ್ ಸ್ಮಿತ್ ಮತ್ತು ಜೊತೆಗಾರರಿಗೆ ಹೇಳುತ್ತಾನೆ. ನೆಮೋ ಬುಂದೇಲಖಂಡದ ರಾಜನ ಮಗ ಡಕ್ಕಾರ್. ಟಿಪ್ಪು ಸುಲ್ತಾನನ ಸೋದರಳಿಯ ಎಂದೂ ಇದೆ. (ಹೊಸನಗರದ ಕಡೆಯ ನಗರ ಎಂಬ ಊರಿನ, ಹಳೆಯ ಬಿದನೂರಿನ, ಕೋಟೆ ಹತ್ತಿ ಬಂದವರಿಗೆ ಈ ಸಾಲು ಓದಿ ರೋಮಾಂಚನವಾಗದೆ ಇರದು. ಆದರೆ ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಎಲ್ಲಿಯ ನೆಂಟಸ್ತಿಕೆ ಎಂದು ಇತಿಹಾಸದಲ್ಲಿ ಹುಡುಕಬೇಡಿ.) ಹತ್ತನೇ ವಯಸ್ಸಿಗೆ ಯುರೋಪಿಗೆ ಹೋಗಿ ಓದಿ, 1849ರಲ್ಲಿ ಮರಳಿ, 1857ರಲ್ಲಿ ಇಪ್ಪತ್ತು ಕಾಳಗಗಳಲ್ಲಿ ಹತ್ತು ಗಾಯ ತಿಂದವನು. ಹೆಂಡತಿ ಮಕ್ಕಳು ಹೋದರು. ಹಾಗೆ ನೋಡಿದರೆ ವರ್ನ್ ಮೊದಲು ಯೋಚಿಸಿದ್ದು 1863ರ ದಂಗೆಯಲ್ಲಿ ರಷ್ಯನ್ನರಿಗೆ ಮನೆಮಂದಿಯನ್ನು ಕಳೆದುಕೊಂಡ ಪೋಲೆಂಡಿನವನೊಬ್ಬನನ್ನು. ಪ್ರಕಾಶಕ ಎಟ್ಜೆಲ್ ಒಪ್ಪಲಿಲ್ಲ.

ಈಗ ಮುಖ್ಯ ಜಾಗ. ಹಡಗು ಮುಳುಗಿಸಿದ ಮಾತು ಬಂದಾಗ ನೆಮೋ ಏನು ಹೇಳುತ್ತಾನೆ ನೋಡಿ: ಅದು ಇಂಗ್ಲಿಷರ ಹಡಗು, ತನ್ನ ಮೇಲೆ ಬಿತ್ತು, ತಾನು ಕಿರಿದಾದ, ಆಳವಿಲ್ಲದ ಕೊಲ್ಲಿಯೊಂದರಲ್ಲಿ ಸಿಕ್ಕಿಬಿದ್ದಿದ್ದೆ, ದಾಟಬೇಕಿತ್ತು, ದಾಟಿದೆ. ಈ ಪುಟದ ಪಕ್ಕಕ್ಕೆ ಮೊದಲ ಕಾದಂಬರಿಯ 20ನೇ ಅಧ್ಯಾಯ ತೆರೆದಿಡಿ. ಅದರ ಶೀರ್ಷಿಕೆಯೇ ಅಕ್ಷಾಂಶ 47 ಡಿಗ್ರಿ, ರೇಖಾಂಶ 17 ಡಿಗ್ರಿ ಚಿಲ್ಲರೆ, ನಡು ಅಟ್ಲಾಂಟಿಕ್. ಮುಂದಿನ ಅಧ್ಯಾಯದಲ್ಲೂ ಕೊಲ್ಲಿ ಎಂಬುದು ಎಲ್ಲೂ ಇಲ್ಲ. ಗುಂಡು ಹಾರಿಸಿದ್ದು ನಿಜ, ಸಿಕ್ಕಿಬಿದ್ದದ್ದು ಸುಳ್ಳು. ವರ್ನ್ ಮರೆತು ಬರೆದಿರಬಹುದು, ಬೇಕೆಂದೇ ಬರೆದಿರಬಹುದು. ಹೇಗಿದ್ದರೂ ತನ್ನ ಕತೆ ತಾನೇ ಹೇಳುವವನು ಎಲ್ಲಿ ತಿದ್ದುತ್ತಾನೆ ಎಂಬುದು ಇಲ್ಲಿ ಕೈಗೆ ಸಿಗುತ್ತದೆ. ತನ್ನ ನೋವನ್ನಲ್ಲ, ತನಗಿದ್ದ ಇನ್ನೊಂದು ದಾರಿಯನ್ನು ಅವನು ಅಳಿಸುತ್ತಾನೆ. ಯಾವ ಖಳನ ಪೂರ್ವಕತೆ ಓದುವಾಗಲೂ ಪೆನ್ಸಿಲ್ ಹಿಡಿದು ಹುಡುಕಬೇಕಾದ್ದು ಅದನ್ನೇ: ಎಲ್ಲಿ ಬೇರೆ ದಾರಿ ಇತ್ತು, ಅದನ್ನು ಯಾರು ಕಂಡಿದ್ದರು, ಆ ಸಾಕ್ಷಿಯ ಮಾತು ಪುಸ್ತಕದಲ್ಲಿ ಇದೆಯೋ ಇಲ್ಲವೋ.

ಸೈರಸ್ ಸ್ಮಿತ್ ಎದುರು ಅರ್ಥಧಾರಿಯಾಗಿ ಸಾಲದವನು. ಕಳೆದುಹೋದದ್ದನ್ನು ಮತ್ತೆ ಬದುಕಿಸಬಹುದೆಂದು ನಂಬಿದ್ದೇ ನಿನ್ನ ತಪ್ಪು ಎನ್ನುತ್ತಾನೆ, ಮುಳುಗಿದ ನಾವಿಕರ ಬಗ್ಗೆ ಕೇಳುವುದಿಲ್ಲ. ನೆಮೋನ ಉಪಕಾರದಿಂದ ಬದುಕಿದವನು ಹೇಗೆ ಕೇಳಿಯಾನು? ಕೇಳಬೇಕಾದವನು ಮೊದಲ ಕಾದಂಬರಿಯ ಕತೆ ಹೇಳುವ, ಹಡಗು ಮುಳುಗಿದ್ದನ್ನು ಕಣ್ಣಾರೆ ಕಂಡ ಪ್ರೊಫೆಸರ್ ಆರೊನಾಕ್ಸ್. ಅವನು ಆ ಗುಹೆಯಲ್ಲಿ ಇಲ್ಲ.

ನಾಲ್ಕು ಜನ ಓದುವವರಿದ್ದರೆ ಒಂದು ಸಂಜೆ ಇದನ್ನೇ ಪ್ರಸಂಗ ಮಾಡಿ. ಒಬ್ಬರು ನೆಮೋ, ಒಬ್ಬರು ಆರೊನಾಕ್ಸ್, ಇನ್ನೊಬ್ಬರು ಆ ಹಡಗಿನ ಕಪ್ತಾನ. ನಿಯಮ ಒಂದೇ: ನೆಮೋ ಎರಡೂ ಪುಸ್ತಕದಿಂದ ಮಾತಾಡಬಹುದು, ಉಳಿದವರು ಮೊದಲನೆಯದರಿಂದ ಮಾತ್ರ.