ಬಾಲ ಬಿಡಬೇಕಾದರೆ ಅಡ್ವಾನ್ಸ್

ನನ್ನ ಅಕ್ಕನ ಮಗ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ, ಬದಿಯಡ್ಕದ ಹತ್ತಿರ ಹೊಸ ಮನೆ ಕಟ್ಟಿದ್ದಾನೆ. ಒಕ್ಕಲಾಗಿ ತಿಂಗಳಾಗಲಿಲ್ಲ, ಡಾಬರ್ಮನ್ ಮರಿ ಬೇಕು ಅಂತ ಶುರು ಮಾಡಿದ. ಘಟ್ಟದ ಮೇಲೆ ಮರಿ ಮಾಡಿಸಿ ಮಾರುವವರೊಬ್ಬರ ನಂಬರು ಎಲ್ಲಿಂದಲೋ ಸಿಕ್ಕಿತು. ನಾಯಿ ಇನ್ನೂ ಮರಿ ಹಾಕಿಲ್ಲ, ಈ ತಿಂಗಳ ಕೊನೆಗಂತೆ. ಮೊನ್ನೆ ಆದಿತ್ಯವಾರ ನಮ್ಮ ಚಾವಡಿಯಲ್ಲಿ ಕೂತು ಸ್ಪೀಕರ್ ಹಾಕಿ ಮಾತಾಡಿದ. ಆಚೆಯವರು ರೇಟು ಹೇಳಿದರು, ಅಪ್ಪ ಅಮ್ಮನ ಸರ್ಟಿಫಿಕೇಟಿನ ಕತೆ ಹೇಳಿದರು. ಕೊನೆಗೆ, "ಬಾಲ ತೆಗೆದೇ ಕೊಡೋದು ಸಾರ್, ಅದಕ್ಕೆ ಬೇರೆ ಚಾರ್ಜ್ ಇಲ್ಲ" ಅಂದರು. ಹೊಸ ಮೊಬೈಲಿಗೆ ಗ್ಲಾಸ್ ಹಾಕಿ ಕೊಡ್ತೇವೆ ಅಂದ ಹಾಗಿತ್ತು. ಇವನೂ "ಓಕೆ ಓಕೆ" ಅಂದ.

"ಎಂತಕ್ಕೆ ಓಕೆ?" ಅಂತ ನಾನು ಕೇಳಿದೆ. "ಬಾಲ ಇದ್ರೆ ಡಾಬರ್ಮನ್ ಅಂತ ಯಾರು ಹೇಳ್ತಾರೆ ಮಾವ? ಊರ ನಾಯಿ ಅಂತ ತಿಳ್ಕೊಳ್ತಾರೆ" ಅಂದ.

ಈ ವಿಷಯದಲ್ಲಿ ನಾನು ದೊಡ್ಡ ಸಾಚಾ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. 2002ರ ಮಳೆಗಾಲದಲ್ಲಿ ಕುಂಬಳೆ ಕಡೆಯ ಸ್ನೇಹಿತರೊಬ್ಬರ ಮನೆಯಲ್ಲಿ ಡಾಬರ್ಮನ್ ಏಳು ಮರಿ ಹಾಕಿತ್ತು. ನಾಲ್ಕನೆಯ ದಿನ ಬಾಲ ಕತ್ತರಿಸುವ ಕಾರ್ಯಕ್ರಮ. ಕತ್ತರಿ ಹಿಡಿದವರು ಡಾಕ್ಟರಲ್ಲ, "ಕೈ ಒಳ್ಳೆದುಂಟು" ಅಂತ ಹೆಸರಿದ್ದವರು. ಮರಿಗಳನ್ನು ಒಂದೊಂದಾಗಿ ಹಿಡಿದುಕೊಂಡು ಕೊಟ್ಟವನು ನಾನು. ಕಣ್ಣೇ ಬಿಟ್ಟಿರಲಿಲ್ಲ ಅವು. ಅಂಗೈಯಲ್ಲಿ ಬಿಸಿ ಬಿಸಿಯಾಗಿ, ಆಗ ತಾನೇ ಬೇಯಿಸಿ ತೆಗೆದ ಗೆಣಸಿನ ಹಾಗೆ ಇರುತ್ತಿದ್ದವು. ಬುಡದಲ್ಲಿ ನೂಲು ಬಿಗಿದು, ಕತ್ತರಿ ಹಾಕಿ, ಅರಸಿನ ಒತ್ತಿದರು. ಅಷ್ಟು ಸಣ್ಣ ಬಾಯಿಂದ ಅಷ್ಟು ದೊಡ್ಡ ಸ್ವರ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ತಾಯಿಯನ್ನು ಹಟ್ಟಿಯ ಆಚೆ ಬದಿಗೆ ಕಟ್ಟಿದ್ದರು. ಅದು ಸರಪಳಿ ಎಳೆಯುವ ಶಬ್ದ ನಮಗೆ ಕೇಳುತ್ತಾ ಇತ್ತು.

ಎರಡು ನಿಮಿಷ ಬಿಟ್ಟು ತಾಯಿಯ ಹತ್ತಿರ ಹಾಕಿದರೆ ಮರಿಗಳು ಸುಮ್ಮನಾದವು. ಹಾಲು ಕುಡಿದವು, ಮಲಗಿದವು. "ನೋಡಿ, ನೋವಿದ್ರೆ ಹಾಲು ಕುಡೀತಿತ್ತಾ? ಈ ಪ್ರಾಯಕ್ಕೆ ನರ ಬಲ್ತಿರುದಿಲ್ಲ" ಅಂತ ಕತ್ತರಿಯವರು ಹೇಳಿದರು. ನಾನು ನಂಬಿದೆ. ನಂಬುವುದು ಸುಲಭ ಇತ್ತು, ಯಾಕೆಂದರೆ ಏಳರಲ್ಲಿ ಒಂದು ಮರಿ ನನಗೆ ಪುಕ್ಕಟೆ ಸಿಗುವುದಿತ್ತು.

ಇದೇ ಮಾತನ್ನು ಜಗತ್ತಿನಲ್ಲಿ ಎಲ್ಲ ಕಡೆ ಹೇಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನವರು ಇದನ್ನು ಕೂತು ನೋಡಿದ್ದಾರೆ. ಮೂರರಿಂದ ಐದು ದಿನದ 50 ಮರಿಗಳಿಗೆ ಬಾಲ ಕತ್ತರಿಸುವಾಗ ಏನೇನು ಮಾಡುತ್ತವೆ ಅಂತ ಬರೆದುಕೊಂಡರು. 1996ರಲ್ಲಿ ಅದು ಪ್ರಕಟವಾಯಿತು. ಎಲ್ಲವೂ ಕಿರುಚಿದವು. ಒಂದೂ ಸುಮ್ಮನಿರಲಿಲ್ಲ. ಕೆಲವು ನಿಮಿಷದಲ್ಲಿ ತಣ್ಣಗಾದವು, ಅದೂ ನಿಜ. ಆದರೆ ನಮ್ಮ ಮಕ್ಕಳೂ ಚುಚ್ಚುಮದ್ದು ಹಾಕಿಸಿಕೊಂಡು ಅತ್ತು, ಎದೆ ಹಾಲು ಕುಡಿದು ಮಲಗುವುದಿಲ್ವಾ? ಅಷ್ಟಕ್ಕೇ ಅವಕ್ಕೆ ನೋವಾಗಲಿಲ್ಲ ಅಂತ ಹೇಳುತ್ತೇವಾ? ಬಾಲ ಅಂದರೆ ಕೂದಲಿನ ಹಾಗೆ ಹೊರಗೆ ಅಂಟಿಸಿದ್ದೇನಲ್ಲ. ಬೆನ್ನುಮೂಳೆಯೇ ಮುಂದುವರಿದು ಬಂದದ್ದು. ಒಳಗೆ ಮೂಳೆಯ ಗೆಣ್ಣುಗಳು, ಸ್ನಾಯು, ನರ ಎಲ್ಲ ಉಂಟು. ಕೆಲವು ಕಡೆ ಕತ್ತರಿ ಬೇಡ ಅಂತ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ರಕ್ತ ಓಡಾಡದೆ ಬಾಲ ಒಣಗಿ ಉದುರುತ್ತದೆ. ಅದು ಮೆದು ವಿಧಾನವಂತೆ!

ಪುಕ್ಕಟೆ ಸಿಕ್ಕಿದ ಮರಿಗೆ ರಾಜ ಅಂತ ಹೆಸರಿಟ್ಟೆವು. ಒಂಬತ್ತು ವರ್ಷ ಇದ್ದ. ಒಳ್ಳೆ ನಾಯಿ. ಆದರೆ ಅವನ ಮನಸ್ಸು ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಸಮಯಕ್ಕೆ ನಮ್ಮಲ್ಲಿ ಬೊಳ್ಳ ಅಂತ ಬಿಳಿ ಊರ ನಾಯಿಯೊಂದಿತ್ತು. ಬೊಳ್ಳನ ಬಾಲ ನಮಗೆ ಪಂಚಾಂಗ ಇದ್ದ ಹಾಗೆ. ರಾತ್ರಿ ತೋಟದ ಕಡೆ ಮುಖ ಮಾಡಿ ಬಾಲ ಕೋಲಿನ ಹಾಗೆ ಮೇಲೆ ಎತ್ತಿದರೆ ಕಾಡುಹಂದಿ ಬಂದಿದೆ. ಬಾಲ ತಗ್ಗಿಸಿ ತುದಿ ಮಾತ್ರ ಆಡಿಸಿದರೆ ಮುಳ್ಳುಹಂದಿ. (ಒಮ್ಮೆ ಮೂತಿಗೆ ಮುಳ್ಳು ಚುಚ್ಚಿಸಿಕೊಂಡ ಅನುಭವ ಅದು.) ಕಾಲೆಡೆಯಲ್ಲಿ ಸಿಕ್ಕಿಸಿಕೊಂಡರೆ ಗುಡುಗು. ಪೋಸ್ಟ್‌ಮ್ಯಾನ್ ಬಂದರೆ ಇಡೀ ಸೊಂಟವೇ ತಿರುಗುತ್ತಿತ್ತು. ರಾಜನಿಗೆ ಹಿಂದೆ ಎರಡು ಇಂಚಿನ ಮೊಂಡು. ಅದು ಅಲ್ಲಾಡುವುದು ಗೇಟಿನ ಹೊರಗಿನವರಿಗೆ ಕಾಣುವುದಾದರೂ ಹೇಗೆ? ಅಡಿಕೆ ಕೊಯ್ಯಲು ಬರುವವರಿಗೆ ಇವನು ಸಂತೋಷದಲ್ಲಿ ಎದುರು ಓಡಿದರೂ ಅವರು ತಿರುಗಿ ಓಡುತ್ತಿದ್ದರು. ಅವರು ಓಡಿದ್ದು ನೋಡಿ ಇವನಿಗೆ ಆವೇಶ ಬರುತ್ತಿತ್ತು. ಊರ ನಾಯಿಗಳ ಜೊತೆ ಜಗಳವೂ ಇವನಿಗೇ ಜಾಸ್ತಿ. ಜೋರಿನವನು ಅಂತಲೇ ನಾವು ತಿಳಿದುಕೊಂಡಿದ್ದೆವು.

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಇಬ್ಬರು ಒಂದು ತಮಾಷೆ ಕೆಲಸ ಮಾಡಿದ್ದಾರೆ. ಯಂತ್ರದ ನಾಯಿಯೊಂದನ್ನು ಮಾಡಿ ಒಮ್ಮೆ ಉದ್ದ ಬಾಲ, ಒಮ್ಮೆ ಮೊಂಡು ಬಾಲ ಹಾಕಿ, ನಿಜವಾದ ನಾಯಿಗಳು ಹತ್ತಿರ ಹೇಗೆ ಬರುತ್ತವೆ ಅಂತ ನೋಡಿದರು. ಉದ್ದ ಬಾಲ ಆಡುತ್ತಿದ್ದರೆ ದೊಡ್ಡ ನಾಯಿಗಳು ಧೈರ್ಯದಿಂದ ಬಂದವು, ಆಡದೆ ನೆಟ್ಟಗಿದ್ದರೆ ಹಿಂಜರಿದವು. ಮೊಂಡು ಬಾಲವಾದರೆ ಆಡಿದರೂ ಒಂದೇ, ಆಡದಿದ್ದರೂ ಒಂದೇ. ಇಟಲಿಯವರು 2007ರಲ್ಲಿ ಇನ್ನೂ ಸೂಕ್ಷ್ಮ ಹೇಳಿದರು. ಯಜಮಾನನನ್ನು ನೋಡಿದಾಗ ಬಾಲ ಬಲಕ್ಕೆ ಜಾಸ್ತಿ ಆಡುತ್ತದೆ, ಜೋರಿನ ಅಪರಿಚಿತ ನಾಯಿಯನ್ನು ಕಂಡರೆ ಎಡಕ್ಕೆ. ಇದನ್ನೆಲ್ಲ ಓದುವಾಗ ನನಗೆ ರಾಜನದ್ದೇ ನೆನಪು. ಪಾಪ, ಅವನು ಹೇಳುತ್ತಲೇ ಇದ್ದಿರಬೇಕು.

ಹಾಗಾದರೆ ಕತ್ತರಿಸುವುದು ಯಾಕೆ? ಹಳೆಯ ಕಾಲದ ರೋಮಿನಲ್ಲಿ ಬಾಲದ ತುದಿ ತೆಗೆದರೆ ಹುಚ್ಚು ಹಿಡಿಯುವುದಿಲ್ಲ ಅಂತ ನಂಬಿದ್ದರು. ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲ ಅನ್ನುವವನು ನಲವತ್ತು ದಿನದ ಮರಿಗೆ ಹಾಗೆ ಮಾಡಿ ಅಂತ ಬರೆದಿಟ್ಟಿದ್ದಾನೆ. ಇಂದು ಆ ಕಾರಣ ಹೇಳಿದರೆ ನಗುತ್ತಾರೆ. ಡಾಬರ್ಮನ್ನಿನ ಕತೆ ಬೇರೆ. ಜರ್ಮನಿಯ ಅಪೋಲ್ಡಾ ಅನ್ನುವ ಊರಿನಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಡಾಬರ್ಮನ್ ಅನ್ನುವವನು ತನ್ನ ಜೊತೆಗೆ ಜೋರಿನ ನಾಯಿ ಬೇಕು ಅಂತ ಮಾಡಿಸಿದ ತಳಿ ಇದು. ಜಗಳದಲ್ಲಿ ಯಾರೂ ಬಾಲ ಹಿಡಿದು ಎಳೆಯಬಾರದು ಅಂತ ಕತ್ತರಿಸುತ್ತಿದ್ದರು ಅನ್ನುತ್ತಾರೆ. ಸರಿ, ನನ್ನ ಅಳಿಯನ ಮನೆಗೆ ಬರುವವರು ಗ್ಯಾಸಿನವನು, ಮೀನಿನವನು, ನಾನು. ಬಾಲ ಹಿಡಿದು ಎಳೆಯುವವರು ಯಾರು?

ಅದಕ್ಕಿಂತ ದೊಡ್ಡ ತಮಾಷೆ, ಆ ಜರ್ಮನಿಯಲ್ಲೇ ಚಂದಕ್ಕೆ ಬಾಲ ಕತ್ತರಿಸುವುದನ್ನು 1998ರಲ್ಲಿ ನಿಲ್ಲಿಸಿದರು. ಕಿವಿ ಕತ್ತರಿಸುವುದು 1987ರಲ್ಲೇ ನಿಂತಿತ್ತು. ಅಲ್ಲಿನ ಡಾಬರ್ಮನ್ ಈಗ ಜೋತು ಕಿವಿ, ಉದ್ದ ಬಾಲ ಇಟ್ಟುಕೊಂಡು ಓಡಾಡುತ್ತದೆ. "ಒರಿಜಿನಲ್ ಜರ್ಮನ್ ಲುಕ್" ಬೇಕು ಅಂತ ಇಲ್ಲಿ ನಾವು ಕತ್ತರಿ ಹಿಡಿದು ಕೂತಿದ್ದೇವೆ.

ಎದುರು ಬದಿಯಲ್ಲಿ ಒಂದೇ ಒಂದು ವಾದಕ್ಕೆ ನಾನು ತಲೆ ಬಾಗಿಸುತ್ತೇನೆ. ಅದು ಕೆಲಸದ ನಾಯಿಗಳದ್ದು. ಪೊದೆ, ಮುಳ್ಳಿನಲ್ಲಿ ನುಗ್ಗಿ ಬೇಟೆ ಎಬ್ಬಿಸುವ ಸ್ಪ್ಯಾನಿಯಲ್‌ಗಳ ಬಾಲ ಬಡಿದು ಬಡಿದು ತುದಿ ಹರಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಲೆಕ್ಕ ಮಾಡಿದಾಗ ಬಾಲವಿದ್ದ ಬೇಟೆಯ ಸ್ಪ್ಯಾನಿಯಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಾಯಿಗಳಿಗೆ ಒಂದೇ ಸೀಸನ್ನಿನಲ್ಲಿ ಗಾಯವಾಗಿತ್ತು. ಪೂರ್ತಿ ನಿಷೇಧ ತಂದಿದ್ದ ಅವರೇ 2017ರಲ್ಲಿ ಅಂಥ ನಾಯಿಗಳಿಗೆ ಮಾತ್ರ ಸ್ವಲ್ಪ ಸಡಿಲ ಮಾಡಿದರು. ಇದನ್ನು ಮುಚ್ಚಿಟ್ಟು ಮಾತಾಡಬಾರದು. ಆದರೆ ಬ್ರಿಟನ್ನಿನಲ್ಲಿ ಎಲ್ಲ ಥರದ ನಾಯಿಗಳನ್ನು ಸೇರಿಸಿ 2010ರಲ್ಲಿ ನೋಡಿದಾಗ, ಒಂದು ಬಾಲದ ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು ಅಂತ ಲೆಕ್ಕ ಸಿಕ್ಕಿತು. ಅಳಿಯನ ನಾಯಿ ಇಂಟರ್‌ಲಾಕ್ ಹಾಕಿದ ಅಂಗಳದಲ್ಲಿ ಮಲಗುವ ನಾಯಿ. ಅದಕ್ಕೆ ಮುಳ್ಳು ಎಲ್ಲಿಂದ ಬಂತು?

ಮರುದಿನ ನಮ್ಮ ದನಕ್ಕೆ ಕೆಚ್ಚಲು ಬಾವು ಅಂತ ಮೃಗಾಸ್ಪತ್ರೆಯ ಡಾಕ್ಟರು ಬಂದಿದ್ದರು. ಅಳಿಯ ಅಲ್ಲೇ ಇದ್ದ. ನಾನು ಬೇಕೆಂದೇ ಕೇಳಿದೆ. ಅವರು ಇಂಜೆಕ್ಷನ್ ತುಂಬುತ್ತಾ, "ಪಟ್ಟಿಡೆ ವಾಲ್ ಮುರಿಕ್ಕಾನ್ ಪಟ್ಟಿಲ್ಲ" ಅಂದರು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ, ಪಟ್ಟಿಲ್ಲ ಅಂದರೆ ಆಗುವುದಿಲ್ಲ. ಪ್ರಾಸ ಅವರಿಗೆ ಗೊತ್ತಾಗಲಿಲ್ಲ, ನಮಗೆ ನಗು. ಗಾಯವೋ ಗೆಡ್ಡೆಯೋ ಇದ್ದರೆ ತೆಗೆಯುತ್ತೇನೆ, ಚಂದಕ್ಕೆ ತೆಗೆಯುವುದಿಲ್ಲ ಅಂತ ವಿವರಿಸಿದರು.

ಕಾನೂನಿನ ಕತೆ ಸ್ವಲ್ಪ ಸುತ್ತಿ ಬಳಸಿ ಉಂಟು. 2011ರಲ್ಲಿ ಭಾರತೀಯ ಪಶುವೈದ್ಯ ಪರಿಷತ್ತು ಬಾಲ, ಕಿವಿ ಕತ್ತರಿಸಬೇಡಿ ಅಂತ ಸುತ್ತೋಲೆ ಹೊರಡಿಸಿತು. ಕೆನಲ್ ಕ್ಲಬ್‌ನವರು ಕೋರ್ಟಿಗೆ ಹೋದರು. 2013ರಲ್ಲಿ ಮದ್ರಾಸ್ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆಮೇಲೆ 2017ರಲ್ಲಿ ಕೇಂದ್ರ ಸರಕಾರ ನಾಯಿ ಸಾಕಿ ಮಾರುವವರಿಗೆ ನಿಯಮ ತಂದಿತು. ಎಂಟು ವಾರ ಆಗದ ಮರಿ ಮಾರಬಾರದು, ಚಂದಕ್ಕೆ ಬಾಲ, ಕಿವಿ ಕತ್ತರಿಸಬಾರದು ಅಂತ ಅದರಲ್ಲಿ ಉಂಟು. ಇದಕ್ಕೆಲ್ಲ ಹಿಂದೆ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೇ ಸೆಕ್ಷನ್ನಿನಲ್ಲಿ ಪ್ರಾಣಿಯ ಅಂಗ ಊನ ಮಾಡಿದರೆ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಐವತ್ತು ರೂಪಾಯಿ! ಪೇಟೆಯಲ್ಲಿ ಒಂದು ಬೊಂಡ ಕುಡಿದ ಲೆಕ್ಕ.

ಅಷ್ಟರಲ್ಲಿ ಹಟ್ಟಿಯ ಬಾಗಿಲಲ್ಲಿದ್ದ ಭಾವ ಒಂದು ಬಾಣ ಬಿಟ್ಟರು. "ನಿಮ್ಮ ಜೆರ್ಸಿ ಕರುವಿನ ಕೊಂಬು ಸುಡಿಸಿದ್ದು ಯಾರು? ಅಜ್ಜನ ಕಾಲದಲ್ಲಿ ಎತ್ತಿಗೆ ಮೂಗು ಚುಚ್ಚಿದ್ದು ಎಂತಕ್ಕೆ?" ಸತ್ಯವೇ. ಆ ಕಾಯ್ದೆಯಲ್ಲೂ ಕೊಂಬು ತೆಗೆಯುವುದು, ಬೀಜ ತೆಗೆಯುವುದು, ಮೂಗುದಾರ ಹಾಕುವುದಕ್ಕೆಲ್ಲ ವಿನಾಯಿತಿ ಉಂಟು. ದನಕ್ಕೊಂದು ನ್ಯಾಯ, ನಾಯಿಗೊಂದು ನ್ಯಾಯ ಅಂದರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕೊಂಬು ಬೆಳೆದರೆ ಒಂದಕ್ಕೊಂದು ತಿವಿಯುತ್ತವೆ, ಹಾಲು ಕರೆಯುವವರಿಗೂ ಅಪಾಯ. ಬಾಲ ಬೆಳೆದರೆ ಎಂತ ಆಗುತ್ತದೆ? ಟೀಪಾಯಿಯ ಮೇಲಿನ ಕಾಫಿ ಗ್ಲಾಸು ಬೀಳುತ್ತದೆ. ಇಷ್ಟೇ ಹೇಳಲು ಸಾಧ್ಯ. ಬೀದಿ ನಾಯಿಗಳಿಗೆ ಸಂತಾನಹರಣ ಮಾಡಿದ ಗುರುತಿಗೆ ಕಿವಿ ಕತ್ತರಿಸುವುದಿಲ್ವಾ ಅಂತಲೂ ಕೇಳುವವರಿದ್ದಾರೆ. ಅದು ಅರಿವಳಿಕೆಯಲ್ಲಿರುವಾಗಲೇ ಮಾಡುವುದು. ಆ ಗುರುತು ಇಲ್ಲದಿದ್ದರೆ ಅದೇ ನಾಯಿಯನ್ನು ಪುನಃ ಹಿಡಿದು ಹೊಟ್ಟೆ ಕೊಯ್ದಾರು.

ನಮ್ಮಲ್ಲಿ ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೂ ಡೊಂಕು ಹೋಗದು ಅನ್ನುತ್ತಾರೆ. ಮಲಯಾಳದವರು ಹನ್ನೆರಡು ವರ್ಷ ಕೊಳವೆಯಲ್ಲಿ ಹಾಕಿಟ್ಟರೂ ನೆಟ್ಟಗಾಗದು ಅನ್ನುತ್ತಾರೆ. ಗಾದೆ ಮಾಡಿದ ಅಜ್ಜಂದಿರಿಗೆ ಅಡಿಕೆ ಮರದ ದಬ್ಬೆ ಹೊಳೆಯಿತು, ಕೊಳವೆ ಹೊಳೆಯಿತು. ಕತ್ತಿ ಮಾತ್ರ ಎರಡು ಭಾಷೆಯಲ್ಲೂ ಹೊಳೆಯಲಿಲ್ಲ.

ನಿಮ್ಮಲ್ಲಿ ಯಾರಾದರೂ ಮರಿ ತರುವವರಿದ್ದರೆ ಒಂದು ಮಾತು. ಎಂಟು ವಾರದ ಮರಿ ನೋಡಲು ಹೋಗಿ "ಅಯ್ಯೋ, ಬಾಲ ಯಾಕೆ ಕತ್ತರಿಸಿದಿರಿ" ಅಂದರೆ ಪ್ರಯೋಜನ ಇಲ್ಲ. ಅದು ಹುಟ್ಟಿದ ವಾರದಲ್ಲೇ ಮುಗಿದಿರುತ್ತದೆ. ಹೇಳುವುದಾದರೆ ತಾಯಿ ಗಬ್ಬ ಇರುವಾಗಲೇ ಹೇಳಬೇಕು.

ನಿನ್ನೆ ಅಳಿಯ ಪುನಃ ಫೋನ್ ಮಾಡಿದ. ಅವನ ಮನಸ್ಸು ತಿರುಗಿದ್ದು ನನ್ನ ಭಾಷಣದಿಂದಲೋ, ಅವನ ಏಳು ವರ್ಷದ ಮಗಳು ಕೂತು ಅತ್ತದ್ದರಿಂದಲೋ, ನನಗೆ ಸಂಶಯ ಉಂಟು. "ಬಾಲ ಬಿಟ್ಟೇ ಕೊಡಿ" ಅಂದ. ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಆಯ್ತು ಸಾರ್. ಆದ್ರೆ ಆಮೇಲೆ ನೀವು ಬೇಡ ಅಂದ್ರೆ ಬಾಲ ಇರೋದನ್ನ ನನ್ನತ್ರ ಯಾರೂ ತಗೊಳ್ಳಲ್ಲ. ಅರ್ಧ ಅಡ್ವಾನ್ಸ್ ಹಾಕ್ಬಿಡಿ."

ಇಂಥವರ ಹತ್ತಿರವೇ ಕೊಳ್ಳಬೇಕಾ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಆದರೆ ಮಗಳು ಆಗಲೇ ಹೆಸರಿಟ್ಟು ಆಗಿದೆ. ಅಳಿಯ ನನ್ನ ಮುಖ ನೋಡಿದ, ನಾನು ಹಾಕು ಅಂದೆ. ದುಡ್ಡು ಹೋಯಿತು.

"ಉಳಿದ ಮರಿಗಳದ್ದು?" ಅಂತ ನಾನೇ ಫೋನಿಗೆ ಬಗ್ಗಿ ಕೇಳಿದೆ.

"ಅವಕ್ಕೆ ಪಾರ್ಟಿ ಬೇರೆ ಸಾರ್" ಅಂದರು.